ಎಲ್ಲ ಬಲ್ಲ ಸೈನ್ಸ್ ಮಾಸ್ತರು

ಕುಷ್ಟಗಿ ತಾಲೂಕಿನ ಆ ಹಳ್ಳಿಯ ಹೈಸ್ಕೂಲಿಗೆ ನಾನು ವಿಜ್ಞಾನದ ಮಾಸ್ತರನಾಗಿ ಹೋದದ್ದು ಎಂಬತ್ತರ ದಶಕದ ಮೊದಲಲ್ಲಿ. ಓದಿದ್ದು ಸಸ್ಯಶಾಸ್ತ್ರ. ಊರಿನಲ್ಲಿ ಯಾರ ಪರಿಚಯವೂ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ಬಾಡಿಗೆ ಕೋಣೆಯ ಬಾಗಿಲು ತೆರೆದಿಟ್ಟು ಕೂರುತ್ತಿದ್ದೆ. ಹಾದುಹೋಗುವವರು ನಮಸ್ಕಾರ ಹೇಳುತ್ತಿದ್ದರು, ಒಳಗೆ ಮಾತ್ರ ಯಾರೂ ಬರುತ್ತಿರಲಿಲ್ಲ. ಮಾತಿಗೆ ಜನವಿಲ್ಲದೆ ಮನುಷ್ಯ ಎಷ್ಟು ಸೊರಗುತ್ತಾನೆಂಬುದು ನನಗೆ ಗೊತ್ತಾದದ್ದು ಅಲ್ಲಿಯೇ.

ರವಿವಾರ ಬಸ್ಸು ಹತ್ತಿ ಗಂಗಾವತಿಗೆ ಹೋಗುತ್ತಿದ್ದೆ. ಅಲ್ಲಿಯ ರದ್ದಿ ಅಂಗಡಿಯಲ್ಲಿ ಇಂಗ್ಲಿಷ್ ಕಾಮಿಕ್ಸ್ ಸಿಗುತ್ತಿದ್ದವು. ಹಂಪಿ ನೋಡಲು ಬಂದ ಪರದೇಶದವರು ಬಿಟ್ಟುಹೋದವು ಎಂದು ಅಂಗಡಿಯವ ಹೇಳುತ್ತಿದ್ದ. ಮುಖವಾಡ ತೊಟ್ಟ ವೀರರು ಹಾರಾಡುವ ಕಥೆಗಳು. ಹಾರಾಟದ ಗೊಡವೆ ನನಗಿರಲಿಲ್ಲ, ನನ್ನ ಕಣ್ಣು ಅವುಗಳಲ್ಲಿ ಬರುವ ಮಹಾಬುದ್ಧಿವಂತರ ಮೇಲೆ. ಯಾರ ವಿಷಯ ಯಾವುದು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಒಬ್ಬನದು ಲೋಹಶಾಸ್ತ್ರ, ಇನ್ನೊಬ್ಬನದು ವಿಷಗಳು, ಒಬ್ಬಳದು ಬೆಳಕು. ನಾಲ್ಕು ಪುಟ ತಿರುವುವಷ್ಟರಲ್ಲಿ ಪಟ್ಟಿ ಹಳ್ಳ ಹಿಡಿಯುತ್ತಿತ್ತು. ಲೋಹದವನೇ ಜ್ವರಕ್ಕೆ ಔಷಧ ಕಂಡುಹಿಡಿಯುತ್ತಿದ್ದ, ವಿಷದವನೇ ರಾಕೆಟ್ ರಿಪೇರಿಗೆ ಕೂರುತ್ತಿದ್ದ. ‘ಇದು ನನ್ನ ವಿಷಯವಲ್ಲ’ ಎನ್ನುವ ಒಬ್ಬನೇ ಒಬ್ಬ ಸಿಗಲಿಲ್ಲ. ಬರೆದವರಿಗೆ ಬಿ.ಎಸ್ಸಿ. ಪಾಸಾಗುವ ಕಷ್ಟ ಗೊತ್ತಿಲ್ಲ ಎಂದು ಒಬ್ಬನೇ ಕೂತು ಬೈಯುತ್ತಿದ್ದೆ.

ಒಂದು ದಿನ ಮನೆಯ ಮಾಲಕರ ಸೊಸೆ, ಎರಡು ವರ್ಷದ ಮಗಳನ್ನು ಎತ್ತಿಕೊಂಡು, ಕೆಟ್ಟ ರೇಡಿಯೋ ಹಿಡಿದು ಬಂದರು.

“ಮಾಸ್ತರ್ರ, ನೀವು ಸೈನ್ಸ್ ಓದೀರಿ. ಇದನ್ನೊಂದೀಟ ನೋಡ್ರಿ.”

ಒಳಗೊಂದು ತಂತಿ ಕಳಚಿತ್ತು, ಸಿಕ್ಕಿಸಿದೆ. ರೇಡಿಯೋ ಮಾತಾಡಿತು. ಅಷ್ಟೇ ಸಾಕಾಯಿತು. ಮರುದಿನದಿಂದ ಹತ್ತಿಗೆ ಬಿದ್ದ ಹುಳ, ಎಮ್ಮೆಯ ಕೆಚ್ಚಲ ಬಾವು, ನಿಂತ ಗಡಿಯಾರ, ಚೇಳು ಕಡಿದ ಕಾಲು, ಎಲ್ಲ ನನ್ನ ಕೋಣೆಗೇ ಬಂದವು. ಸೈನ್ಸ್ ಎಂದರೆ ಅವರಿಗೆ ಒಂದೇ. ಅದರೊಳಗೆ ಗೋಡೆಗಳಿವೆ ಎಂದು ನಾನಾದರೂ ಹೇಳಬೇಕಿತ್ತು. ಹೇಳಲಿಲ್ಲ. ‘ಗೊತ್ತಿಲ್ಲ’ ಎಂದರೆ ಎದ್ದು ಹೋಗುತ್ತಾರೆ, ಮತ್ತೆ ನಾನೊಬ್ಬನೇ ಆಗುತ್ತೇನೆ ಎಂಬ ಹೆದರಿಕೆ. ಬಂದದ್ದಕ್ಕೆಲ್ಲ ಏನೋ ಒಂದು ಹೇಳಿ ಕಳಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲಿ ಆಳಕ್ಕೆ ಬೋರಿಂಗ್ ಕೊರೆದು ಕೈಪಂಪು ಹಾಕಿದರು. ಒಂದು ಸಂಜೆ ಏಳೆಂಟು ಜನ ಹಿರಿಯರು ಅದರ ನೀರನ್ನು ಬಾಟಲಿಯಲ್ಲಿ ಹಿಡಿದು ತಂದರು.

“ಬಾಂವಿ ನೀರಿಗಿಂತ ತಿಳಿ ಐತ್ರಿ. ಕುಡ್ಯಾಕ ಅಡ್ಡಿ ಇಲ್ಲೇನ್ರಿ?”

ಕೋಣೆ ತುಂಬ ಜನ. ಅಷ್ಟು ಸಂಭ್ರಮ ಆ ಕೋಣೆ ಎಂದೂ ಕಂಡಿರಲಿಲ್ಲ. ಶಾಲೆಯಿಂದ ತಂದಿದ್ದ ಲಿಟ್ಮಸ್ ಕಾಗದ ಅದ್ದಿದೆ, ಬೆಳಕಿಗೆ ಹಿಡಿದೆ, ಮೂಸಿದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

“ಛಲೋ ಐತಿ. ಕುಡೀರಿ,” ಅಂದೆ.

ಗುಂಪಿನಲ್ಲಿದ್ದ ಮಾಲಕರ ಸೊಸೆ ಅಲ್ಲೇ ಮಗಳಿಗೆ ಎರಡು ಗುಟುಕು ಕುಡಿಸಿದರು.

ವರ್ಷ ಕಳೆದು ನನಗೆ ಯಲಬುರ್ಗಾ ಕಡೆಗೆ ವರ್ಗವಾಯಿತು. ಅಲ್ಲಿ ಮತ್ತೆ ಬರಿಯ ಕೋಣೆ. ಮೂರ್ನಾಲ್ಕು ವರ್ಷದ ಮೇಲೆ ಮಾಸ್ತರರ ತರಬೇತಿಯೊಂದರಲ್ಲಿ ಡಾಕ್ಟರೊಬ್ಬರು ಹೇಳಿದರು: ಈ ಸೀಮೆಯ ಆಳದ ನೀರಿನಲ್ಲಿ ಫ್ಲೋರೈಡ್ ಇರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ, ಲಿಟ್ಮಸ್‌ಗೆ ಸಿಗುವುದಿಲ್ಲ, ಮೊದಲು ಕಾಣುವುದು ಮಕ್ಕಳ ಹಲ್ಲಿನ ಮೇಲೆ, ಕಂದು ಕಲೆಯಾಗಿ. ಆ ಸಂಜೆಯ ಬಾಟಲಿ ನೆನಪಾಯಿತು. ಆದರೂ ಕೂಡಲೇ ಆ ಹಳ್ಳಿಗೆ ಹೋಗಲಿಲ್ಲ. ಇಂದು ನಾಳೆ ಎನ್ನುತ್ತ ಮತ್ತೆ ಮೂರು ವರ್ಷ ತಳ್ಳಿದೆ. ಹೇಡಿತನ, ಬೇರೆ ಹೆಸರು ಬೇಡ.

ಕಡೆಗೆ ಹೋದಾಗ ಸೊಸೆ ಬಾಗಿಲಲ್ಲೇ ಗುರುತು ಹಿಡಿದು ಹಿಗ್ಗಿದರು. ಬೆಳೆದ ಮಗಳು ನನ್ನನ್ನು ನೋಡಿ ನಕ್ಕಳು, ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಕೂರುವ ಮೊದಲೇ ಹೇಳಿಬಿಟ್ಟೆ.

“ಅಕ್ಕಾರ, ಅವತ್ತು ಆ ನೀರಿಂದು ನನಗ ಏನೂ ಗೊತ್ತಿದ್ದಿಲ್ಲ. ಗೊತ್ತಿಲ್ದ ಹೇಳಿಬಿಟ್ಟೆ. ಅದನ್ನ ಕುಡೀಬ್ಯಾಡ್ರಿ.”

ಅವರು ನನ್ನ ವಿನಯಕ್ಕೆ ನಕ್ಕರು.

“ನಿಮಗ ಗೊತ್ತಿಲ್ದದ್ದು ಏನೈತ್ರಿ! ಸರಕಾರಿ ಆಫೀಸಿನವ್ರು ಬಂದು ಬೋರಿಂಗಿಗೆ ಕೆಂಪು ಬಣ್ಣ ಬಳದು, ಕುಡೀಬ್ಯಾಡ್ರಿ ಅಂದಿದ್ರು. ನಮ್ಮ ಮಾಸ್ತರು ಕಾಗದ ಹಾಕಿ ನೋಡ್ಯಾರ, ಏನೂ ಆಗಂಗಿಲ್ಲ ಅಂತ ಓಣಿಗೆಲ್ಲ ನಾನ ಹೇಳೀನ್ರಿ.”

ನಾನು ಮತ್ತೆ ಹೇಳಿದೆ, ಗಟ್ಟಿಯಾಗಿ ಹೇಳಿದೆ. ಅವರು ತಲೆಯಾಡಿಸುತ್ತ, ಬಿಸಿಲಲ್ಲಿ ಬಂದೀರಿ, ಮೊದಲು ನೀರು ಕುಡೀರಿ ಎಂದು ಮಗಳನ್ನು ಒಳಗೆ ಕಳಿಸಿದರು. ಹುಡುಗಿ ತುಂಬಿದ ತಂಬಿಗೆ ತಂದು, ನಗುತ್ತ ನನ್ನ ಮುಂದೆ ಚಾಚಿದಳು. ಎರಡೂ ಕೈ ತಂಬಿಗೆಯ ಮೇಲಿದ್ದುದರಿಂದ ಈ ಸಲ ಅವಳಿಗೆ ಬಾಯಿ ಮುಚ್ಚಿಕೊಳ್ಳಲಾಗಲಿಲ್ಲ.