ಗುಲಾಟಿಯವರ ಮೊದಲ ಸ್ಥಾನ

ಫರೀದಾಬಾದಿನ ಗುಲಾಟಿಯವರ ಢಾಬಾದಲ್ಲಿ ಹಳೆಯ ಕಾಲದ ವಿಡಿಯೋ ಗೇಮ್ ಯಂತ್ರವೊಂದಿದೆ. ಅದು ಆಟದ ನಡುವೆಯೇ ನಿಂತುಬಿಡುತ್ತಿತ್ತು. ಸಾಲದ್ದಕ್ಕೆ, ಹಿಂದಿನ ದಿನ ಅವರು ಗಳಿಸಿದ ಮೊದಲ ಸ್ಥಾನ ಬೆಳಿಗ್ಗೆ ಸ್ವಿಚ್ ಹಾಕಿದರೆ ಮಾಯ. ಗಲ್ಲಾದಲ್ಲಿ ಕೂರುವ ಹೆಂಡತಿ ಅವರ ಮಾತನ್ನು ನಂಬುತ್ತಲೇ ಇರಲಿಲ್ಲ.

"ಮೇಡಂಜಿ, ನನ್ನ ಮಾನ ನಿಮ್ಮ ಕೈಯಲ್ಲಿದೆ," ಎಂದರು ಗುಲಾಟಿಯವರು, ಯಂತ್ರ ರಿಪೇರಿಗೆ ಹೋದ ನನಗೆ.

"ಇದ್ದರೆ ತಾನೇ ಉಳಿಸೋದು!" ಎಂದರು ಆಕೆ ಕೂತಲ್ಲಿಂದಲೇ.

ಅಳತೆ ಬರೆದುಕೊಳ್ಳದೆ ನಾನು ಯಾವ ಯಂತ್ರಕ್ಕೂ ಕೈ ಹಾಕುವವಳಲ್ಲ. ಐದು ವೋಲ್ಟ್ ಬರಬೇಕಾದ ಕಡೆ ನಾಲ್ಕೂವರೆ ಬರುತ್ತಿತ್ತು, ಸರಿಪಡಿಸಿದೆ. ಯಂತ್ರ ಆರಿಸಿದಾಗಲೂ ಅಂಕಗಳನ್ನು ಉಳಿಸಿಡುವ ಪುಟ್ಟ ಬ್ಯಾಟರಿ ಸೋರಿ ಹಸಿರುಗಟ್ಟಿತ್ತು. ಜಾಗ ಶುಚಿ ಮಾಡಿ ಹೊಸದು ಹಾಕಿದೆ. ಗುಲಾಟಿಯವರು ಕೂಡಲೇ ಆಡಿ, ಮೊದಲ ಸ್ಥಾನದಲ್ಲಿ ಹೆಸರು ಬರೆದು ಮೀಸೆ ನೀವಿಕೊಂಡರು.

ಒಂದು ಆಟ ಪೂರ್ತಿ ಆಡಿ ನೋಡಿಯೇ ಯಂತ್ರ ಒಪ್ಪಿಸುವುದು ನನ್ನ ಪದ್ಧತಿ. ಆಡಿದೆ. ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಪಟ್ಟಿ ಅಳಿಸಿಹೋಗಿರಲಿಲ್ಲ: ಮೊದಲು ನಾನು, ಆಮೇಲೆ ಗುಲಾಟಿ.

ಹೆಂಡತಿ ಗಲ್ಲಾ ಬಿಟ್ಟು ಬಂದು ನೋಡಿದರು. "ಅಚ್ಛಾ! ಈಗ ನಂಬಿದೆ. ನೀವು ಎರಡನೆಯವರು."

ಗುಲಾಟಿಯವರು ನನ್ನ ಹತ್ತಿರ ಬಗ್ಗಿ ಕೇಳಿದರು, "ಮೇಡಂಜಿ, ಆ ಹಳೇ ಬ್ಯಾಟರಿ ಎಸೆದುಬಿಟ್ಟಿರಾ?"

ಹೊಸದು ಬಹಳ ವರ್ಷ ಬಾಳುತ್ತದೆ ಎಂದು ಅವರಿಗೆ ಧೈರ್ಯ ಹೇಳಿ ಬಂದೆ.