ಬಿಚ್ಚಿ ಕಟ್ಟುವ ಶಾಕಪ್ ಮಿಸ್ತ್ರಿ

ಕಳೆದ ವಾರ ಮಂಜಗುಣಿಯ ದೇವಸ್ಥಾನಕ್ಕೆ ಹೋಗಿ ಬರುವಾಗ ಹೊಳೆಯ ದಂಡೆಯಲ್ಲಿ ಇಬ್ಬರು ಹಳೆಯ ದೋಣಿಯೊಂದನ್ನು ಮಗುಚಿ ಹಾಕಿಕೊಂಡು ಮೀನೆಣ್ಣೆ ಬಳಿಯುತ್ತಿದ್ದರು. ಮಳೆಗಾಲಕ್ಕೆ ಇನ್ನು ಹದಿನೈದು ದಿನವೂ ಇರಲಿಲ್ಲ. ಆ ವಾಸನೆ ಗೊತ್ತಿದ್ದವರಿಗೇ ಗೊತ್ತು. ಒಮ್ಮೆ ಕೈಗೆ ಹತ್ತಿದರೆ ಮೂರು ದಿನ ಊಟಕ್ಕೂ ಜೊತೆಗೆ ಬಂದು ಕೂರುತ್ತದೆ. ಹೆಂಡತಿ ಕಾರಿನ ಗಾಜು ಏರಿಸಿಕೊಂಡಳು. ನಾನು ಗಾಡಿ ಬದಿಗೆ ನಿಲ್ಲಿಸಿ ನನ್ನ ಕಡೆಯ ಗಾಜು ಇಳಿಸಿದೆ. ಅಂಕೋಲೆಯ ಶಾಕಪ್ ಮಿಸ್ತ್ರಿ ನೆನಪಾದರು... ಅವರಿಗೆ ನಾನು ಮಾಡಿದ್ದೂ ನೆನಪಾಯಿತು.

ಶಾಕಪ್ ಎಂದರೆ ಹೊಂಡದಲ್ಲಿ ಗಾಡಿ ಕುಲುಕದಂತೆ ತಡೆಯುವ ಶಾಕ್ ಅಬ್ಸಾರ್ಬರ್. ನಮ್ಮ ಕಡೆ ಅಷ್ಟುದ್ದದ ಹೆಸರು ಹೇಳುವ ಪುರುಸೊತ್ತು ಯಾರಿಗೂ ಇಲ್ಲ. ಆಗ ನಾನು ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಕಾರವಾರದ ಮನೆಯಿಂದ ದಿನಾ ಓಡಾಟ. ಸಂಬಳ ನೋಡಿದರೆ ಬಸ್ಸೇ ಸಾಕಾಗಿತ್ತು, ಆದರೆ ನಾನು ಹಳೆಯ ಕಾರು ಕೊಂಡೆ. ಅಷ್ಟಕ್ಕೇ ಸುಮ್ಮನಿರಲಿಲ್ಲ. ಗೋವಾದಲ್ಲಿ ರ‍್ಯಾಲಿ ಓಡಿಸುತ್ತಿದ್ದ ಒಬ್ಬನಿಂದ ಅವನು ಬಳಸಿ ಬಿಟ್ಟ ಹಳದಿ ಬಣ್ಣದ ನಾಲ್ಕು ವಿದೇಶಿ ಶಾಕಪ್ ತಂದು ಹಾಕಿಸಿಕೊಂಡೆ. ಕಾಳಿ ಹೊಳೆಯ ಬದಿಯ ತಿರುವುಗಳಲ್ಲಿ ಗಾಡಿ ರಸ್ತೆಗೆ ಅಂಟಿಕೊಂಡು ಹೋಗುತ್ತಿದ್ದರೆ, ನಾನೇ ಏನೋ ಸಾಧಿಸಿದೆ ಎಂದು ಬೀಗುತ್ತಿದ್ದೆ.

ವರ್ಷ ತುಂಬುವುದರೊಳಗೆ ಮುಂದಿನ ಎರಡರಿಂದ ಎಣ್ಣೆ ಸೋರತೊಡಗಿತು. ಕಾರವಾರದ ಗ್ಯಾರೇಜಿನವರು ನೋಡಿ, ಗುಜರಿಗೆ ಹಾಕಿ ಎಂದರು. ಒಬ್ಬ ಮಾತ್ರ, ಅಂಕೋಲೆಯ ಹಳೆ ರಸ್ತೆಯಲ್ಲಿ ಒಬ್ಬರು ಇದ್ದಾರೆ, ಅವರಿಗೊಮ್ಮೆ ತೋರಿಸಿ ಎಂದ.

ಬೋರ್ಡೂ ಇಲ್ಲದ ಅಂಗಡಿ. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ನನ್ನ ಶಾಕಪ್ಪನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು.

"ಗಾಡಿ ಜೊತೆ ಬರೂ ಕಂಪನಿದು ಕೆಟ್ರೆ ಬಿಸಾಕೂದೇಯಾ. ಇದು ಹಾಂಗಲ್ಲ ತಮಾ, ಬಿಚ್ಚೂಕೆ ಬರ್ತದೆ. ಬಿಚ್ಚೂಕೆ ಬಂದ್ರೆ ಕಟ್ಟೂಕೂ ಬರ್ತದೆ."

ಬಿಚ್ಚಿದರು. ಎಣ್ಣೆ ಸೋರದಂತೆ ತಡೆಯುವ ಸೀಲು ಬದಲಿಸಿದರು, ಹೊಸ ಎಣ್ಣೆ ಹಾಕಿದರು, ಗ್ಯಾಸು ತುಂಬಿದರು. ಅವರ ಪರೀಕ್ಷೆಯೇ ಬೇರೆ. ಕೊಳವೆಯೊಳಗೆ ಹೋಗಿ ಬರುವ ಹೊಳೆಯುವ ರಾಡಿನ ಮೇಲೆ ಚೂರು ಹತ್ತಿ ಉಜ್ಜುತ್ತಿದ್ದರು. ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಆ ರಾಡು ಬೇಡ, ಅದು ಹೊಸ ಸೀಲನ್ನು ಕೊಯ್ಯುತ್ತದೆ. ಕೊನೆಗೆ ಜೋಡಿಯನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ, ಎರಡನ್ನೂ ಒತ್ತಿ ಬಿಟ್ಟು, "ಏಕ, ದೋನ, ತೀನ" ಎಂದು ಕೊಂಕಣಿಯಲ್ಲಿ ಎಣಿಸುತ್ತಿದ್ದರು. ಎರಡೂ ಒಂದೇ ಎಣಿಕೆಗೆ ಮೇಲೆ ಬರಬೇಕು, ಇಲ್ಲದಿದ್ದರೆ ಮತ್ತೆ ಬಿಚ್ಚುವುದೇ. ನನ್ನದನ್ನು ಮೂರು ಸಲ ಬಿಚ್ಚಿದರು. ಕೊಡುವಾಗ, "ಉಪ್ಪುಗಾಳಿ ಅದೆ, ನೀರಲ್ಲಿ ತೊಳೀತಾ ಇರು. ಮತ್ತೆಂತದೂ ಹಚ್ಚೂದು ಬೇಡ" ಎಂದರು. ನನ್ನ ಕಿವಿಗೆ ಬಿದ್ದದ್ದು ಉಪ್ಪುಗಾಳಿ ಎಂಬುದೊಂದೇ.

ಕಾರವಾರ, ಕದ್ರಾದ ಕಾರಿನ ಹುಚ್ಚಿನವರದ್ದೊಂದು ವಾಟ್ಸಾಪ್ ಗ್ರೂಪ್ ಇತ್ತು. ಮಿಸ್ತ್ರಿಯನ್ನು ಅಲ್ಲಿ ಹಾಡಿ ಹೊಗಳಿದೆ. ಮಳೆ ಮುಗಿದ ಮೇಲೆ ಎಲ್ಲರ ಗಾಡಿಯನ್ನೂ ಅವರಲ್ಲಿಗೇ ಒಯ್ಯುವುದೆಂದಾಯಿತು. ಈ ಸುದ್ದಿ ಹೇಳಿದಾಗ ಅವರು ಕೆಲಸ ಬಿಟ್ಟು ಎದ್ದು ನಿಂತರು. "ಹೌದಾ? ಈಗ ಶಾಕಪ್ ಬಿಚ್ಚಿಸೂರು ಯಾರವ್ರೆ ತಮಾ... ಗಣೇಶ ಚೌತಿಗೆ ಮುಚ್ಚಿಬಿಡೂದು ಅಂತ ಮಾಡಿದ್ದೆ. ನಿಮ್ಮೋರು ಬಂದ್ರೆ ಅಂಗಡಿ ಉಳೀತದೆ" ಎಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನನ್ನ ಅಜ್ಜನಿಗೆ ದೋಣಿ ಇತ್ತು. ಉಪ್ಪಿಗೆ ಮೀನೆಣ್ಣೆಯೇ ಮದ್ದು ಎಂಬುದು ನಮ್ಮ ಮನೆಯ ವೇದವಾಕ್ಯ. ಮೇ ತಿಂಗಳು ಬಂತೆಂದರೆ ಗೇಟಿನ ತಿರುಗಣೆ, ಬಾವಿಯ ಗಡಗಡೆ, ಕತ್ತಿ, ಗುದ್ದಲಿ, ಎಲ್ಲಕ್ಕೂ ಮೀನೆಣ್ಣೆ. ಆ ವರ್ಷ ನಾನು ಚಾಪೆ ಹಾಸಿ ಕಾರಿನಡಿ ಮಲಗಿ, ಶಾಕಪ್ಪಿನ ರಾಡಿಗೆ ತೊಡಿಸಿದ ರಬ್ಬರ್ ಬೂಟು ಮೇಲೆತ್ತಿ, ರಾಡಿಗೆ ಬಟ್ಟೆಯಲ್ಲಿ ಮೀನೆಣ್ಣೆ ಬಳಿದೆ. ಮಿಸ್ತ್ರಿಯ ಕೆಲಸ ಹತ್ತು ವರ್ಷ ಬಾಳಲಿ ಎಂದೇ ಬಳಿದೆ. ದಿನಾ ಸಂಜೆ ಗಾಡಿ ನಿಲ್ಲಿಸುತ್ತಿದ್ದದ್ದು ಕಡಲ ದಂಡೆಯಲ್ಲಿ. ಅಂಟು ಅಂಟಾದ ಎಣ್ಣೆಗೆ ಅಲ್ಲಿನ ಮರಳು, ನಮ್ಮ ಮಾತಿನ ಹೊಯ್ಗೆ, ಮೆತ್ತಿಕೊಂಡು, ಒಂದೊಂದು ಹೊಂಡಕ್ಕೂ ರಾಡನ್ನೂ ಸೀಲನ್ನೂ ಗೀರುತ್ತ ಹೋದದ್ದು ನನಗೆ ಹೇಗೆ ಗೊತ್ತಾಗಬೇಕು?

ಆಗಸ್ಟಿನಲ್ಲಿ ಎರಡೂ ಸೋರಿದವು. ನನಗೆ ಸಿಟ್ಟು ನೆತ್ತಿಗೇರಿತು. ಅವರನ್ನು ಹೊಗಳಿದವನು ನಾನೇ ಆದ್ದರಿಂದ ಮರ್ಯಾದೆ ಹೋದದ್ದು ನನ್ನದೇ ಎಂಬ ಸಿಟ್ಟು. ಸೋರುವ ಶಾಕಪ್ಪಿನ ಫೋಟೋ ತೆಗೆದು ಗ್ರೂಪಿಗೆ ಹಾಕಿ, "ಒಂದು ಮಳೆಗಾಲ ಬಾಳಲಿಲ್ಲ, ಅಂಕೋಲೆ ಮಿಸ್ತ್ರಿಯ ಕೈಗುಣ ನೋಡಿ" ಎಂದು ಬರೆದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಫೋಟೋ ಕುಮಟೆಯವರೆಗೂ ಹೋಯಿತಂತೆ.

ಮರುದಿನ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಅಂಗಡಿಗೆ ಹೋಗಿ ಕೂಗಾಡಿದೆ. ಮಿಸ್ತ್ರಿ ಎರಡನ್ನೂ ಕಾರಿನಿಂದ ಇಳಿಸಿಕೊಂಡರು. ಬಿಚ್ಚಿದರು. ಬೂಟಿನೊಳಗೆ ಬೆರಳಾಡಿಸಿ, ಬೆರಳನ್ನು ಮೂಸಿ, ಹೆಬ್ಬೆಟ್ಟಿನಿಂದ ತಿಕ್ಕಿದರು. ಆಮೇಲೆ ನನ್ನನ್ನು ನೋಡಿ, "ಮನೇಲಿ ದೋಣಿ ಇತ್ತಾ ತಮಾ?" ಎಂದು ಕೇಳಿದರು.

"ಅಜ್ಜನ ಕಾಲಕ್ಕೆ ಇತ್ತು. ಅದಕ್ಕೂ ಇದಕ್ಕೂ ಎಂತಾ ಸಂಬಂಧ?" ಎಂದೆ.

ಅವರು ನನ್ನ ಗೆಳೆಯರ ಮುಖ ನೋಡಿದರು. "ಎಂತದೂ ಇಲ್ಲ. ನಾನೇ ಸೀಲು ಸರಿ ಕೂಡ್ಸಲಿಲ್ಲ ಕಾಣ್ತದೆ. ನಾಕು ದಿನ ಬಿಟ್ಟು ಬಾ."

ವಾಪಸು ಬರುವಾಗ ಗೆಳೆಯರು ದಾರಿಯುದ್ದಕ್ಕೂ ನಗಾಡಿದರು, ಮುದುಕ ತಪ್ಪು ಒಪ್ಪಿಕೊಂಡ ಎಂದು. ನಾನೂ ನಕ್ಕೆ. ಹೊಸ ರಾಡು ಹಾಕಿ ಮತ್ತೆ ಕಟ್ಟಿಕೊಟ್ಟರು, ತಂದು ಹಾಕಿಕೊಂಡೆ. ಗ್ರೂಪಿನವರು ಯಾರೂ ಆ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ಮತ್ತೆ ಅದೇ ಚಾಪೆ, ಅದೇ ಮೀನೆಣ್ಣೆ ಡಬ್ಬಿ. ಕಾರಿನಡಿ ಮಲಗಿ ರಬ್ಬರ್ ಬೂಟು ಮೇಲೆತ್ತಿದೆ. ಬೂಟು ಮುಚ್ಚಿಕೊಂಡಿದ್ದ ಹಳದಿ ಕೊಳವೆಯ ಮೇಲೆ ಕೆಂಪು ಪೇಂಟಿನ ಸಣ್ಣ ಅಕ್ಷರಗಳಿದ್ದವು: "ಮೀನೆಣ್ಣೆ ಬೇಡ ತಮಾ. ಹೊಯ್ಗೆ ಅಂಟ್ತದೆ."

ಮೀನೆಣ್ಣೆ ಡಬ್ಬಿಯ ಮುಚ್ಚಳ ಮತ್ತೆ ಹಾಕಿದೆ. ಎಣ್ಣೆ ಬಳಿಯಲು ಬಂದವನು ಬಿಟ್ಟರೆ ಇನ್ನಾರ ಕಣ್ಣಿಗೂ ಬೀಳದ ಜಾಗ ಅದು. ಗೆಳೆಯರೆದುರು ನನ್ನ ಮಾನ ತೆಗೆಯಬಾರದೆಂದು ಅವರು ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ನಾನು ನೆಲವನ್ನು ಬೈದದ್ದಲ್ಲದೆ ಊರಿಗೆಲ್ಲ ಫೋಟೋ ಹಂಚಿದ್ದೆ.

ಅವತ್ತೇ ಗ್ರೂಪಿನಲ್ಲಿ ನಿಜ ಬರೆಯಬೇಕಿತ್ತು. ನಾಚಿಕೆಯಾಯಿತು. ಮೊದಲು ಅವರನ್ನೇ ಕಂಡು ಕ್ಷಮೆ ಕೇಳಿ ಆಮೇಲೆ ಬರೆದರಾಯಿತು ಎಂದುಕೊಂಡು ಮಳೆಗಾಲವನ್ನೆಲ್ಲ ಕಳೆದೆ. ಹೋದಾಗ ಅಂಗಡಿಯಲ್ಲಿ ಯಾರೋ ಮೊಬೈಲ್ ಕವರುಗಳನ್ನು ನೇತುಹಾಕಿಕೊಂಡು ಕೂತಿದ್ದರು.

ಆಮೇಲೆ ಮಿಸ್ತ್ರಿಯನ್ನು ಒಂದೇ ಸಲ ಕಂಡೆ. ಹಟ್ಟಿಕೇರಿಯ ಕಡೆ ಒಂದು ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಗಾಳಿ ತುಂಬುವ ಕೆಲಸಕ್ಕೆ ನಿಂತಿದ್ದರು. ಕಾರನ್ನು ನೋಡಿಯೇ ಗುರುತು ಹಿಡಿದರು. ನಾಲ್ಕೂ ಟೈರಿಗೆ ಗಾಳಿ ತುಂಬಿ, ಬಾನೆಟ್ಟಿನ ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟರು. ತುಟಿ ಅಲ್ಲಾಡಿತು, ಎಣಿಸುತ್ತಿದ್ದರು. ಆಮೇಲೆ ಕಿಟಕಿಗೆ ಬಗ್ಗಿ, ಮೆತ್ತಗೆ, "ಚಲೋ ಅದೆ. ಈ ಸಲ ಎಂತದೂ ಹಚ್ಚಲಿಲ್ಲ ಅಲಾ?" ಎಂದರು.

"ಇಲ್ಲ ಮಿಸ್ತ್ರಿ" ಎಂದೆ. ಪಕ್ಕದಲ್ಲಿ ಗ್ರೂಪಿನವನೇ ಒಬ್ಬ ಕೂತಿದ್ದ. ಬೈಯುವಾಗ ನಾಲ್ಕು ಜನರೆದುರು ಬೈದಿದ್ದೆ. ತಪ್ಪು ನನ್ನದೆನ್ನಲು ಒಬ್ಬನೆದುರೂ ಬಾಯಿ ಬರಲಿಲ್ಲ. ಹಿಂದಿನ ಟೆಂಪೋದವನು ಹಾರ್ನ್ ಹಾಕಿದ. "ಬರ್ತೆ ಮಿಸ್ತ್ರಿ" ಎಂದು ಹೊರಟೆ. ಮರುವರ್ಷ ಅದೇ ಬಂಕಿನಲ್ಲಿ ಕೇಳಿದಾಗ, ಅವರು ತೀರಿಕೊಂಡು ಆರು ತಿಂಗಳಾಯಿತು ಎಂದರು.

ಮಂಜಗುಣಿಯಿಂದ ಮನೆಗೆ ಬಂದವನೇ ಅವತ್ತೇ ಸಂಜೆ ಆ ಗ್ರೂಪ್ ತೆರೆದೆ. ಈಗ ಅಲ್ಲಿ ಹೆಚ್ಚಾಗಿ ಶುಭೋದಯದ ಹೂವುಗಳೇ. ಮೀನೆಣ್ಣೆ ಬಳಿದವನು ನಾನು, ತಪ್ಪೆಲ್ಲ ನನ್ನದು, ಅವರು ಎರಡನೆಯ ಸಲ ಕಟ್ಟಿಕೊಟ್ಟ ಶಾಕಪ್ ಏಳು ವರ್ಷವಾದರೂ ಒಂದು ಹನಿ ಸೋರಿಲ್ಲ, ಅಂಥ ಕೆಲಸಗಾರ ಈ ಕಡಲತಡಿಯಲ್ಲೇ ಇನ್ನೊಬ್ಬರಿಲ್ಲ ಎಂದು ಬರೆದೆ. ಅವರಿಲ್ಲ ಎಂಬುದನ್ನು ಬರೆಯಲು ಮಾತ್ರ ಕೈ ಏಳಲಿಲ್ಲ. ಹಳಬರಿಬ್ಬರು ಹೆಬ್ಬೆರಳಿನ ಗುರುತು ಒತ್ತಿದರು. ಅರ್ಧ ಗಂಟೆಯ ಮೇಲೆ, ನನಗೆ ಪರಿಚಯವಿಲ್ಲದ ಹುಡುಗನೊಬ್ಬ ಬರೆದ: "ಸರ್, ಆ ಮಿಸ್ತ್ರಿ ನಂಬರ್ ಕಳ್ಸಿ. ನನ್ನ ಗಾಡಿದೂ ಸೋರ್ತಾ ಅದೆ, ಎಲ್ಲಾರೂ ಬಿಸಾಕು ಅಂತ್ರು. ನಾಳೇನೇ ಹೋಗ್ತೆ."

ಇವತ್ತಿಗೆ ಆರು ದಿನವಾಯಿತು. ಅವನಿಗೆ ಇನ್ನೂ ಉತ್ತರ ಬರೆದಿಲ್ಲ.