ಕಣದ ಮೂಲೆಯ ಕಲ್ಲು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ನಡೆದು ತಿಂಗಳೂ ಆಗಿಲ್ಲ. ಆದರೂ ನಾನು ಚಿಗವ್ವನ ಊರಿಗೆ ಹೋದದ್ದು ಡೈರಿ ಶನಿವಾರ ಅನ್ನುತ್ತದೆ, ನನ್ನ ತಲೆ ಶುಕ್ರವಾರ ಅನ್ನುತ್ತದೆ. ಯಾರನ್ನು ನಂಬುವುದು? (ಡೈರಿ ಬರೆದವಳೂ ನಾನೇ ಅಲ್ಲವೇ!)

ಬಳ್ಳಾರಿಯ ನಮ್ಮ ಕಾಲೇಜಿಗೆ ಕಂಪ್ಯೂಟರ್ ಬಂದಿದೆ. ಒಂದೇ ಒಂದು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ನನಗೆ ಸಿಗುವುದು ಬೆಳಗಿನ ಒಂದು ತಾಸು. ಆ ತಾಸಿನಲ್ಲಿ ಸಿರುಗುಪ್ಪದ ಕಡೆಯ ಕಾಲುವೆಯಲ್ಲಿ ದಿನದಿನದ ನೀರಿನ ಮಟ್ಟ ಲೆಕ್ಕ ಹಾಕುತ್ತೇನೆ.

ಅದಕ್ಕೆಂದೇ ಒಂದು ಲೈಬ್ರರಿ ಕಟ್ಟುತ್ತಿದ್ದೇನೆ. ಪುಸ್ತಕದ್ದಲ್ಲ, ದೊಡ್ಡ ಲೆಕ್ಕ ಮಾಡುವ ಸಣ್ಣ ಸಣ್ಣ ಪ್ರೋಗ್ರಾಂಗಳ ಗಂಟು. ಅದರಲ್ಲಿ ಎರಡು ಮುಖ್ಯ. ಒಂದು, ಅಂಕಿಗಳನ್ನು ಇಡಲು ಯಂತ್ರದ ಮೆಮೊರಿಯಲ್ಲಿ ಜಾಗ ಕೇಳುತ್ತದೆ. ಇನ್ನೊಂದು, ಕೆಲಸ ಮುಗಿದ ಮೇಲೆ ಆ ಜಾಗವನ್ನು ವಾಪಸ್ ಕೊಡುತ್ತದೆ. ಇಷ್ಟೇ.

ಆದರೆ ನನ್ನ ಲೆಕ್ಕ ಕೆಲವು ದಿನಗಳ ಅಂಕಿ ದಾಟಿ ನಡುವೆಯೇ ನಿಂತುಬಿಡುತ್ತಿತ್ತು. ಪರದೆಯ ಮೇಲೆ ಒಂದೇ ಮಾತು: ಜಾಗವಿಲ್ಲ.

“ಮಷೀನಿಗೆ ಹೊಟ್ಟಿ ತುಂಬೈತ್ರಿ ಮೇಡಂ. ನೀವು ಮ್ಯಾಲ ಮ್ಯಾಲ ಬಡಿಸಿದ್ರ ಹೆಂಗ?” ಎಂದರು ಲ್ಯಾಬ್ ನೋಡಿಕೊಳ್ಳುವ ಖಾಸಿಂ ಸಾಹೇಬರು. ದಿನಾ ಕುರುಗೋಡಿನಿಂದ ಬಸ್ಸಿಗೆ ಬರುವವರು. ತಾವು ನಗದೆ ನಗಿಸುವವರು.

ನನಗೂ ಅದೇ ಸರಿ ಅನ್ನಿಸಿತು. ತಪ್ಪು ಯಂತ್ರದ್ದು! ಮೆಮೊರಿ ಸಾಲದು ಎಂದು ನಮ್ಮ ವಿಭಾಗದ ಹೆಡ್‌ಗೆ ಪತ್ರ ಬರೆದು ಕೊಟ್ಟೆ.

ಅವರು ಓದಿದರು. “ಸೋಮವಾರ ಓಡಿಸಿ ತೋರಸ್ರಿ. ಇಲ್ಲಾಂದ್ರ ನಿಮ್ಮ ತಾಸು ಬ್ಯಾರೇರಿಗೆ ಕೊಡ್ತೀನಿ.”

ತಾಸು ಹೋದರೆ ಒಂದು ವರ್ಷದ ಕೆಲಸ ಹೋದಂತೆ.

ಆ ಸಂಕಟ ಹೊತ್ತುಕೊಂಡೇ ಚಿಗವ್ವನ ಊರಿಗೆ ಹೋದೆ. ನನ್ನ ತಾಯಿಯ ತಂಗಿ; ಕೆಂಚನಗುಡ್ಡದ ಹತ್ತಿರ ಮನೆ. ಭತ್ತ ಬಡಿಯುವ ಕಾಲ. ಅಲ್ಲಿ ಓಣಿಗೆಲ್ಲ ಒಂದೇ ಕಣ. ಜಾಗ ಬೇಕಾದವರು ಮೂಲೆಯಲ್ಲಿ ಒಂದು ಕಲ್ಲು ಇಡಬೇಕು. ಕೆಲಸವಾದ ಮೇಲೆ ಇಟ್ಟವರೇ ತೆಗೆಯಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ.

ಅವತ್ತು ಒಂದು ಮೂಲೆ ಖಾಲಿ. ಹುಲ್ಲುಕಡ್ಡಿಯೂ ಇಲ್ಲ. ಆದರೆ ಕಲ್ಲು ಕೂತಿದೆ! ಎರಡು ಮನೆಯವರ ಭತ್ತ ಗಾಡಿಯಲ್ಲೇ ಕಾಯುತ್ತಿದೆ. ಚಿಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಯಾವ ಪುಣ್ಯಾತಗಿತ್ತಿ ಇಟ್ಟಾಳವ್ವ ಇದನ್ನ? ಇಟ್ಟು ಮರ್ತು ಮನ್ಯಾಗ ಕುಂತಾಳ!”

“ಬಡದು ಮುಗಿಸಿ ಮರ್ತಿರಬೇಕು,” ಎಂದೆ.

“ಬಡದಾಕಿ ಮರಿಯಂಗಿಲ್ಲ ಬಿಡು. ಹುಲ್ಲು ಹೊತ್ತು ಒಯ್ಯುವಾಗ ಕಲ್ಲೂ ನೆನಪಾಗ್ತೈತಿ. ಕಲ್ಲಿಟ್ಟು, ಬಡೀದನ ಹೋದಾಕೀನ ಮರಿಯಾಕಿ.”

ನನಗೆ ಲ್ಯಾಬಿನ ಲೆಕ್ಕ ನೆನಪಾಯಿತು. ನನ್ನ ಪ್ರೋಗ್ರಾಂ ಕೂಡ ಪ್ರತಿ ದಿನದ ಲೆಕ್ಕಕ್ಕೆ ಮೊದಲು ಜಾಗ ಹಿಡಿಯುತ್ತದೆ. ಆಮೇಲೆ ನೀರು ಬಂದಿದೆಯೇ ಎಂದು ನೋಡುತ್ತದೆ. ಕಾಲುವೆ ಬಂದ್ ಇದ್ದ ದಿನ? ಲೆಕ್ಕವೇ ಇಲ್ಲ, ಸೀದಾ ಮುಂದಿನ ದಿನಕ್ಕೆ ಜಿಗಿತ. ವಾಪಸ್ ಕೊಡುವ ಸಾಲಿನ ತನಕ ಬರುವುದೇ ಇಲ್ಲ. ಹಿಡಿದ ಜಾಗ ಹಾಗೇ ಉಳಿಯುತ್ತದೆ. ಖಾಲಿ, ಆದರೆ ಕಲ್ಲು ಕೂತ ಜಾಗ.

ಸೋಮವಾರ, ಜಿಗಿಯುವ ಮೊದಲೇ ಜಾಗ ವಾಪಸ್ ಕೊಡುವ ಒಂದು ಸಾಲು ಸೇರಿಸಿದೆ. ಲೆಕ್ಕ ಕೊನೆಯ ದಿನದವರೆಗೂ ಓಡಿತು. ತಾಸು ಉಳಿಯಿತು.

“ಮಷೀನ್ ಸಣ್ಣದು ಅಂದಿದ್ರಲ್ರಿ?” ಎಂದರು ಹೆಡ್. ಕೇಳಿಸದವಳಂತೆ ಪತ್ರ ವಾಪಸ್ ತೆಗೆದುಕೊಂಡು ಪರ್ಸಿಗೆ ತುರುಕಿದೆ. (ಅದನ್ನು ಬರೆಯುವಾಗ ತಪ್ಪು ನನ್ನದೇ ಇರಬಹುದೆಂಬ ಅನುಮಾನ ಒಳಗೆಲ್ಲೋ ಇತ್ತೇ? ಡೈರಿಯಲ್ಲಿ ಒಂದಕ್ಷರವಿಲ್ಲ. ನಾನು ಬರೆಯದೆ ಬಿಟ್ಟದ್ದರ ಬಗ್ಗೆಯೇ ನನಗೆ ಹೆಚ್ಚು ಭಯ.)

ಒಂದು ವಿಷಯ ಹೇಳದೆ ಉಳಿಸಿಕೊಂಡಿದ್ದೇನೆ. ಕಣದ ಆ ಕಲ್ಲಿನ ಒಂದು ಮಗ್ಗುಲಿಗೆ ಅರಿಷಿಣದ ಕಲೆ ಇತ್ತು. ಚಿಗವ್ವನ ಹಿತ್ತಲಲ್ಲಿ ಅರಿಷಿಣ ಕುಟ್ಟುವ ಕಲ್ಲು ಇರುವ ಜಾಗ ಅವತ್ತು ಬರಿದಾಗಿತ್ತು. ಈ ಸಲ ಅವಳು ತನ್ನ ಭತ್ತವನ್ನು ಹೊಲದಲ್ಲೇ ಬಡಿಸಿದ್ದಳು. ಮರುದಿನ ಬೆಳಿಗ್ಗೆ ನೋಡುತ್ತೇನೆ, ಕಣದಲ್ಲಿ ಕಲ್ಲು ಮಾಯ, ಹಿತ್ತಲಲ್ಲಿ ಹಾಜರ್.

ಬಳ್ಳಾರಿಗೆ ಹೊರಟಾಗ ಅವಳನ್ನು ಕೇಳಿಯೇಬಿಟ್ಟೆ. ತಪ್ಪು ಯಂತ್ರದ್ದೆಂದು ಪತ್ರ ಬರೆದಿದ್ದ ನನಗೆ ಅವಳ ಉತ್ತರ ಬೇಕಿತ್ತು. ಅವಳು ಮಂಡಕ್ಕಿಯ ಗಂಟು ಕೈಗಿಟ್ಟು, “ಬಸ್ ಹೋಗ್ತೈತಿ, ಹತ್ತು ಲಗೂನ,” ಎಂದಳು. ನಾನು ಕೇಳಿದ್ದು ಇಷ್ಟೇ:

“ಚಿಗವ್ವಾ, ಅಷ್ಟು ಬೈಯುವಾಗ, ಆ ಕಲ್ಲು ನಿಂದ ಅಂತ ನಿನಗ ಗೊತ್ತಿತ್ತೇನು?”